ಭಾಯಿಗೆಂದು ತಂದ ಗಾಳಿ ಮೆಷಿನ್

ಗಾಳಿ ಹೊಡೆಯುವ ಮೆಷಿನ್ ತೆಗೆದುಕೊಳ್ಳಬೇಕೆಂದು ನಮಗಿಬ್ಬರಿಗೂ ತಾನಾಗಿ ಹೊಳೆಯಲಿಲ್ಲ. ಅದನ್ನು ಹೇಳಿದವರು ಕೊಪ್ಪದ ಒಬ್ಬ ಡಾಕ್ಟರು. ನನ್ನ ಪಾಲುದಾರ ಭಾಯಿಯನ್ನು ಮಂಚದ ಮೇಲೆ ಮಲಗಿಸಿ, ಕಿಬ್ಬೊಟ್ಟೆಯಲ್ಲಿ ಎದ್ದಿದ್ದ ಗಂಟನ್ನು ಬೆರಳಿನಲ್ಲಿ ಒತ್ತಿ, ಕೆಮ್ಮಿಸಿ, ಮತ್ತೆ ಒತ್ತಿ ನೋಡಿದರು. ಕೈ ತೊಳೆಯುತ್ತ ನನ್ನ ಕಡೆ ತಿರುಗಿ, "ಇವರು ಎಂತ ಕೆಲಸ ಮಾಡ್ತಾರೆ?" ಎಂದರು.

"ಲಾರಿ ಟಯರಿನ ಪಂಚರ್ ಹಾಕಿ ಗಾಳಿ ಹೊಡೀತಾರೆ ಸರ್. ನಮ್ಮಿಬ್ರದ್ದೂ ಅದೇ ಕೆಲಸ."

"ಗಾಳಿ ಎಂತದ್ರಲ್ಲಿ ಹೊಡೀತೀರಿ?"

"ಕೈಪಂಪಲ್ಲಿ."

ಡಾಕ್ಟರು ಟವೆಲ್ಲಿಗೆ ಕೈ ಒರೆಸುವುದನ್ನು ನಿಲ್ಲಿಸಿದರು. "ಇದು ಹರ್ನಿಯಾ. ಆಪರೇಷನ್ ಮಾಡಿಸ್ಲಿ, ಬಿಡ್ಲಿ, ಇನ್ನು ಪಂಪು ಮುಟ್ಟೋ ಹಾಗಿಲ್ಲ. ಒಂದು ದಿನ ಕರುಳು ಸಿಕ್ಕಿಹಾಕ್ಕೊಂಡ್ರೆ ಶಿವಮೊಗ್ಗ ಮುಟ್ಟೋದು ಕಷ್ಟ. ಅದಕ್ಕೆಲ್ಲ ಈಗ ಮೆಷಿನ್ ಬಂದಿದೆಯಲ್ಲ, ಒಂದು ತಗೊಳ್ಳಿ."

ಸಂತೆಯಲ್ಲಿ ತೆಂಗಿನಕಾಯಿ ತೆಗೆದುಕೊಳ್ಳಿ ಎನ್ನುವಷ್ಟು ಸಲೀಸಾಗಿ ಹೇಳಿದರು. ನನಗೆ ಸಿಟ್ಟು ಬಂತು. ಭಾಯಿ ಮಾತ್ರ ಲುಂಗಿ ಕಟ್ಟಿಕೊಳ್ಳುತ್ತ ನಕ್ಕರು. "ಡಾಕ್ಟ್ರು ಒಳ್ಳೇ ಮಾತು ಹೇಳಿದ್ರು ಮಾರಾಯ. ಇಷ್ಟು ವರ್ಷ ನಮ್ಗೆ ಎಂತಕ್ಕೆ ಹೊಳೀಲಿಲ್ಲ?"

ಎಂಬತ್ತರ ದಶಕ ಇನ್ನೂ ಶುರುವಾಗಿರಲಿಲ್ಲ. ನಮ್ಮ ತಗಡಿನ ಶೆಡ್ಡು ಕೊಪ್ಪದಲ್ಲಿ, ಲಾರಿಗಳು ಕಡ್ಡಾಯವಾಗಿ ನಿಧಾನ ಮಾಡಲೇಬೇಕಾದ ಒಂದು ತಿರುವಿನಲ್ಲಿತ್ತು. ನಾನು ಬಾಳಗಡಿಯವನು. ಭಾಯಿ ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು, ಪೇಟೆಯವರು, ಈ ಕೆಲಸಕ್ಕೆ ನನ್ನನ್ನು ಎಳೆದು ತಂದವರು. ಊರೆಲ್ಲ ಅವರನ್ನು ಸಾಬ್ರು ಎನ್ನುತ್ತಿತ್ತು, ನನಗೆ ಮಾತ್ರ ಭಾಯಿ.

ನಮ್ಮ ಕೆಲಸದ ಒಂದು ಪದ್ಧತಿಯನ್ನು ಇಲ್ಲಿಯೇ ಹೇಳಿಬಿಡಬೇಕು. ಲಾರಿಯ ಚಕ್ರ ಸೈಕಲ್ಲಿನ ಚಕ್ರದ ಹಾಗೆ ಎರಡೂ ಬದಿಗೆ ಅಂಚಿರುವಂಥದ್ದಲ್ಲ. ಕಬ್ಬಿಣದ ಡಿಸ್ಕಿಗೆ ಒಂದು ಬದಿ ಬೋಳು. ಆ ಬದಿಯಿಂದ ಟಯರನ್ನು ಒಳಗೆ ತೂರಿಸಿ, ಆಮೇಲೆ ಅಲ್ಲಿರುವ ಗಾಡಿಯಲ್ಲಿ, ಅಂದರೆ ಸುತ್ತಲೂ ಕೊರೆದ ಸಣ್ಣ ಕಾಲುವೆಯಂಥ ಜಾಗದಲ್ಲಿ, ಒಂದು ಕಬ್ಬಿಣದ ರಿಂಗನ್ನು ಕೂರಿಸಬೇಕು. ಗಾಳಿ ತುಂಬಿದಂತೆ ಟಯರು ಉಬ್ಬಿ ರಿಂಗನ್ನು ಒತ್ತುತ್ತದೆ, ರಿಂಗು ಟಯರನ್ನು ಹೊರಗೆ ಬರದಂತೆ ತಡೆಯುತ್ತದೆ. ರಿಂಗು ಸರಿಯಾಗಿ ಕೂತಿರದಿದ್ದರೆ ಗಾಳಿಯ ಒತ್ತಡಕ್ಕೆ ಹಾರಿಬಿಡುತ್ತದೆ.

ಹಾಗಾಗಿ ನಮ್ಮಲ್ಲಿ ಒಬ್ಬ ಪಂಪು ಹೊಡೆಯುವುದು, ಇನ್ನೊಬ್ಬ ನೆಲಕ್ಕೆ ಮಲಗಿಸಿದ ಚಕ್ರ ಹತ್ತಿ ರಿಂಗಿನ ಮೇಲೆ ಎರಡೂ ಕಾಲಿಟ್ಟು ನಿಲ್ಲುವುದು. ಮೈಭಾರಕ್ಕೆ ರಿಂಗು ಗಾಡಿಯಲ್ಲಿ ಕೂರುತ್ತದೆ. ಕೈಪಂಪಿನ ಗಾಳಿ ಗುಟುಕು ಗುಟುಕಾಗಿ ಹೋಗುವಂಥದ್ದು. ರಿಂಗು ಎಲ್ಲಾದರೂ ಒಂದು ಬದಿ ಎದ್ದರೆ ಮೇಲೆ ನಿಂತವನ ಅಂಗಾಲಿಗೆ ಮೊದಲು ಗೊತ್ತಾಗುತ್ತದೆ. ಅವನು "ತಡಿ" ಎನ್ನುತ್ತಾನೆ. ಪಂಪು ನಿಲ್ಲುತ್ತದೆ. ಸುತ್ತಿಗೆಯಲ್ಲಿ ಸುತ್ತ ಬಡಿದು ಮತ್ತೆ ಶುರು ಮಾಡುವುದು. ನಿಲ್ಲಿಸುವುದು ತಡವಾದರೂ ರಿಂಗು ಠಣ್ಣೆಂದು ಪಕ್ಕಕ್ಕೆ ಬೀಳುತ್ತಿತ್ತು, ಅಷ್ಟೆ. ನಿಂತವನು ಹಾರಿ ಇಳಿದು ಬೈಯುತ್ತಿದ್ದ, ಪಂಪಿನವನು ನಗುತ್ತಿದ್ದ. ಈ ಭಾಗದ ಎಲ್ಲ ಟಯರಿನವರೂ ಹೀಗೇ ಮಾಡುತ್ತಿದ್ದರು. ಡ್ರೈವರು, ಕ್ಲೀನರುಗಳೂ ಹೇಳುವ ಮೊದಲೇ ಹತ್ತಿ ನಿಲ್ಲುತ್ತಿದ್ದರು.

ಪಂಪಿಲ್ಲದೆ ಭಾಯಿಗೆ ನಮ್ಮ ಶೆಡ್ಡಿನಲ್ಲಿ ಕೆಲಸವಿಲ್ಲ. ಅವರ ಅಣ್ಣ ಮಂಗಳೂರಿನಲ್ಲಿ ಯಾವುದೋ ಗೋಡೌನು ಕಾಯುವ ಕೆಲಸ ಕೊಡಿಸುತ್ತೇನೆ, ಸಂಸಾರ ಸಮೇತ ಬಂದುಬಿಡು ಎಂದು ಹೇಳಿ ಕಳಿಸಿದ್ದರು. ಭಾಯಿಗೆ ಅದರ ಹೆಸರೆತ್ತಿದರೆ ಆಗದು. "ಕುರ್ಚಿ ಮೇಲೆ ಕೂತು ಬೀಗ ನೋಡೋದು. ಕೂತು ಕೂತು ನಂಗೆ ಹುಚ್ಚು ಹಿಡೀತದೆ ಮಾರಾಯ. ಹೇಗಾದ್ರೂ ಮಾಡಿ ಮೆಷಿನ್ ನೋಡುವ," ಎಂದರು. ಅವರು ಕೊಪ್ಪದಲ್ಲಿ ಉಳಿಯಬೇಕಾದರೆ ಮೆಷಿನ್ ಬರಬೇಕು ಎಂಬುದು ಇಬ್ಬರಿಗೂ ಸ್ಪಷ್ಟವಾಗಿತ್ತು. ಸಿಗುವವರೆಗೆ ಪಂಪು ನಾನೊಬ್ಬನೇ ಹೊಡೆಯುವುದು, ಅವರು ರಿಂಗಿನ ಮೇಲೆ ನಿಲ್ಲುವುದು ಎಂದು ಮಾಡಿಕೊಂಡೆವು.

ಮೆಷಿನ್ ಎಂಥದಿರಬೇಕು ಎಂದು ನಾವು ಲೆಕ್ಕ ಹಾಕಿದ್ದೆಲ್ಲ ಭಾಯಿಯ ಹೊಟ್ಟೆಯಿಂದ. ಅದನ್ನು ಎತ್ತುವ ಹಾಗಿರಬಾರದು, ಚಕ್ರ ಇರಬೇಕು, ಎಳೆದರೆ ಬರಬೇಕು. ಸ್ಟಾರ್ಟ್ ಮಾಡಲು ತಿಣುಕುವಂತಿರಬಾರದು. ಲಾರಿಗಳು ನಮ್ಮ ಶೆಡ್ಡಿನ ಮುಂದೆಯೇ ಪಂಚರಾಗುವಷ್ಟು ಸಭ್ಯವಾಗಿರಲಿಲ್ಲವಾದ್ದರಿಂದ ದಾರಿಯಲ್ಲಿ ನಿಂತ ಲಾರಿಯ ಹತ್ತಿರಕ್ಕೂ ಒಯ್ಯುವಂತಿರಬೇಕು.

ಶೃಂಗೇರಿಯ ಹತ್ತಿರ ಕಾಫಿ ತೋಟದ ಗೌಡರೊಬ್ಬರು ಒಂದು ಪಂಪು ತರಿಸಿದ್ದಾರೆ, ಅದನ್ನು ಜೀಪಿನ ಇಂಜಿನ್ನಿಗೇ ಸಿಕ್ಕಿಸುವುದಂತೆ ಎಂದು ಯಾರೋ ಡ್ರೈವರ್ ಹೇಳಿದ. ಬಸ್ಸು ಹತ್ತಿ ಹೋದೆವು. ಗೌಡರು ಬಹಳ ಉಮೇದಿನ ಮನುಷ್ಯ. ಕಾಫಿ ಕೊಡಿಸಿ, ಜೀಪಿನ ಬಾನೆಟ್ ಎತ್ತಿ, ಒಂದು ಸ್ಪಾರ್ಕ್ ಪ್ಲಗ್ಗು ಬಿಚ್ಚಿ ಆ ತೂತಿಗೆ ಬೀಡಿ ಕಟ್ಟಿನಷ್ಟಿರುವ ಸಾಮಾನೊಂದನ್ನು ತಿರುಪಿ ಕೂರಿಸಿದರು. ಅದರಿಂದ ಹೊರಟ ರಬ್ಬರ್ ಪೈಪನ್ನು ಟಯರಿಗೆ ಕೊಟ್ಟು ಇಂಜಿನ್ ಸ್ಟಾರ್ಟ್ ಮಾಡಿದರು. ಉಳಿದ ಮೂರು ಸಿಲಿಂಡರಿನಲ್ಲಿ ಇಂಜಿನ್ ಕುಂಟುತ್ತ ಓಡಿತು, ನಾಲ್ಕನೆಯದು ಗಾಳಿ ಹೊಡೆಯಿತು. ಜೀಪಿನ ಟಯರು ನೋಡನೋಡುತ್ತ ಉಬ್ಬಿತು. ಭಾಯಿ ಮಗುವಿನಂತೆ ಚಪ್ಪಾಳೆ ತಟ್ಟಿದರು.

"ಲಾರಿ ಟಯರಿಗೆ ಆಗ್ತದಾ ಗೌಡ್ರೇ?" ಎಂದು ನಾನು ಕೇಳಿದೆ.

"ಆಗ್ದೆ ಎಂತ? ನೋಡೇಬಿಡಾಣ."

ರಸ್ತೆ ಬದಿಯಲ್ಲಿದ್ದ ಲಾರಿಯೊಂದರ ಸ್ಟೆಪ್ನಿ ಇಳಿಸಿ, ಗಾಳಿ ತೆಗೆದು, ಪೈಪು ಕೊಟ್ಟೆವು. ಇನ್ನೊಂದು ಕಾಫಿ ಆಯಿತು, ಗೌಡರು ಅಡಿಕೆ ಧಾರಣೆಯ ಬಗ್ಗೆ ಮಾತಾಡಿದ್ದಾಯಿತು, ಟಯರು ಅರ್ಧಕ್ಕಿಂತ ಮೇಲೆ ಏರಲೇ ಇಲ್ಲ. ಜೀಪಿನ ರೇಡಿಯೇಟರಿನಿಂದ ಹೊಗೆ ಎದ್ದಾಗ ಗೌಡರ ಉಮೇದೂ ಇಳಿಯಿತು. "ಅಲ್ಲ, ಇದು ಜೀಪಿಗೇ ಸರಿ," ಎಂದು ಬಾನೆಟ್ ಮುಚ್ಚಿದರು. ಅಲ್ಲದೆ ನಮಗೆ ಜೀಪೂ ಇರಲಿಲ್ಲ. ಬಸ್ಸಿನಲ್ಲಿ ಬರುವಾಗ ಭಾಯಿ ಕಿಟಕಿಗೆ ತಲೆಯಾನಿಸಿ ಹೊಟ್ಟೆ ಹಿಡಿದುಕೊಂಡಿದ್ದರು. ಸ್ಟೆಪ್ನಿ ಇಳಿಸುವಾಗ ತಾವೂ ಕೈ ಹಾಕಿದ್ದರು ಎಂದು ನನಗೆ ಆಗ ನೆನಪಾಯಿತು.

ಎರಡನೆಯ ಸಲ ನರಸಿಂಹರಾಜಪುರಕ್ಕೆ ಹೋದೆವು. ಎನ್.ಆರ್.ಪುರ ಭಾಯಿಯ ಹೆಂಡತಿಯ ತವರು, ಹೋದರೆ ಊಟಕ್ಕೆ ಚಿಂತೆಯಿಲ್ಲ. ಅಲ್ಲಿ ಒಬ್ಬರು ಕರೆಂಟಿನ ಕಂಪ್ರೆಸರ್ ಹಾಕಿದ್ದರು. ಅದರ ಕೆಲಸ ಚೊಕ್ಕ. ಸ್ವಿಚ್ಚು ಒತ್ತಿದರೆ ಟ್ಯಾಂಕು ತುಂಬುತ್ತಿತ್ತು, ತುಂಬಿದ ಮೇಲೆ ತಾನಾಗಿ ನಿಲ್ಲುತ್ತಿತ್ತು. ಆದರೆ ಅದನ್ನು ಸಿಮೆಂಟಿನ ಕಟ್ಟೆಗೆ ಬೋಲ್ಟು ಹಾಕಿ ಬಿಗಿದಿದ್ದರು. ನಾವು ನೋಡುತ್ತಿದ್ದಂತೆಯೇ ಮೋಟರು ಮುಲುಗಲು ಶುರು ಮಾಡಿತು, ಬಲ್ಬು ಕೆಂಪಾಯಿತು. ಯಜಮಾನರು ಓಡಿ ಹೋಗಿ ಸ್ವಿಚ್ಚು ತೆಗೆದರು. "ಓಲ್ಟೇಜು ಬಿದ್ರೆ ಮೋಟರು ಸುಟ್ಟೇ ಹೋಗ್ತದೆ. ಮಳೆಗಾಲದಲ್ಲಿ ಇದರ ಮೇಲೆ ಗೋಣಿ ಹೊದೆಸಿ ಇಡೋದೇ," ಎಂದರು. ನಮ್ಮ ಕೊಪ್ಪದ ಕರೆಂಟು ಅದಕ್ಕಿಂತ ಮಹಾ ಏನಿರಲಿಲ್ಲ.

ಆ ದಿನವೇ, ಊಟ ಮುಗಿಸಿ ಬಸ್ಸಿಗೆ ಕಾಯುವಾಗ, ರಸ್ತೆ ಕಂಟ್ರಾಕ್ಟರರೊಬ್ಬರು ಕೆಲಸ ಮುಗಿಸಿ ಸಾಮಾನು ಮಾರುತ್ತಿದ್ದಾರೆ ಎಂಬ ಸುದ್ದಿ ಸಿಕ್ಕಿತು. ಅವರ ಗೋಡೌನಿನಲ್ಲಿ ಇಂಜಿನ್ ಇರುವ ಕಂಪ್ರೆಸರ್‌ಗಳು ಎರಡಿದ್ದವು. ತೋರಿಸಿದವರು ಅಲ್ಲಿನ ಮೇಸ್ತ್ರಿ.

ಒಂದು ದೊಡ್ಡದು. ದೊಡ್ಡ ಟ್ಯಾಂಕು, ಗಾಳಿ ಎಷ್ಟು ರಭಸದಲ್ಲಿ ಹೋಗಬೇಕೆಂದು ಕಡಿಮೆ ಜಾಸ್ತಿ ಮಾಡುವ ತಿರುಗಣೆ, ಹಗ್ಗದ ಹಾಗೆ ಸುತ್ತಿಟ್ಟ ಉದ್ದನೆಯ ಪೈಪು. ಆದರೆ ಕಬ್ಬಿಣದ ಚಕ್ರ, ಕದಲಿಸಲು ನಾಲ್ಕು ಆಳು ಬೇಕು. ಹ್ಯಾಂಡಲ್ ಹಾಕಿ ತಿರುಗಿಸಿ ಸ್ಟಾರ್ಟ್ ಮಾಡಬೇಕು. ನಾನು ತಿರುಗಿಸಿದೆ. ಸೊಂಟ ಹಿಡಿಯಿತು.

ಇನ್ನೊಂದು ಚಿಕ್ಕದು. ಎರಡು ರಬ್ಬರ್ ಚಕ್ರ, ಕೈಗಾಡಿಯಂತೆ ಹಿಡಿಕೆ. ತೋಟಕ್ಕೆ ನೀರೆತ್ತಲು ಇಡುತ್ತಿದ್ದ ಪೆಟ್ರೋಲ್ ಸೀಮೆಎಣ್ಣೆ ಇಂಜಿನ್ನೇ ಅದಕ್ಕೂ ಇದ್ದಿದ್ದರಿಂದ ಬಿಡಿಭಾಗ, ರಿಪೇರಿ ಎರಡೂ ಕೊಪ್ಪದಲ್ಲೇ ಸಿಗುತ್ತಿದ್ದವು. ಟ್ಯಾಂಕು ಸಣ್ಣದು, ತಿರುಗಣೆ ಇಲ್ಲ, ಬರೀ ತೆರೆಯುವ ಮುಚ್ಚುವ ಒಂದು ಕಾಕು. ಪೈಪು ಮೋಟು. ಹಗ್ಗ ಸುತ್ತಿ ಎಳೆದರೆ ಸ್ಟಾರ್ಟು. ಭಾಯಿ ಅಲ್ಲೇ ಒಂದು ಡಬ್ಬದ ಮೇಲೆ ಕೂತು, ಕೂತಲ್ಲಿಂದಲೇ ಎಳೆದರು. ಒಂದೇ ಎಳೆತಕ್ಕೆ ಹತ್ತಿಕೊಂಡಿತು. ನನ್ನ ಮುಖ ನೋಡಿದರು. ಆ ನಗುವನ್ನು ನಾನು ಸಾಯುವವರೆಗೆ ಮರೆಯಲಾರೆ.

"ನನ್ನ ಕೇಳಿದ್ರೆ ದೊಡ್ಡದು ತಗೊಳ್ಳಿ," ಎಂದರು ಮೇಸ್ತ್ರಿ. "ಪೈಪು ಉದ್ದ ಉಂಟು. ದೂರ ನಿಂತು ಹೊಡೀಬಹುದು."

"ದೂರ ನಿಂತು ಹೊಡಿಯೋಕೆ ಅದೇನು ಕೋವಿಯಾ ಮೇಸ್ತ್ರೀ?" ಎಂದರು ಭಾಯಿ. ಮೂವರೂ ನಕ್ಕೆವು. ಪೈಪಿನ ಉದ್ದ ಲಾರಿಯ ಆಚೆ ಬದಿಯ ಚಕ್ರಕ್ಕೆ ಮುಟ್ಟಲು ಎಂದಷ್ಟೇ ನಾನು ತಿಳಿದಿದ್ದೆ. ಅದಕ್ಕಾದರೆ ಮೆಷಿನ್ನನ್ನೇ ಆ ಬದಿಗೆ ಎಳೆದುಕೊಂಡು ಹೋದರಾಯಿತಲ್ಲ.

ಪರೀಕ್ಷೆ ಮಾಡದೆ ತೆಗೆದುಕೊಳ್ಳುವವನು ನಾನಲ್ಲ. ಕಂಟ್ರಾಕ್ಟರರದೇ ಒಂದು ಲಾರಿ ಶೆಟ್ಟಿಕೊಪ್ಪದಲ್ಲಿ ಟಯರು ಕೂತು ನಿಂತಿತ್ತು. ಚಿಕ್ಕ ಮೆಷಿನ್ನನ್ನು ಕಂಟ್ರಾಕ್ಟರರ ಜೀಪಿನ ಹಿಂಭಾಗಕ್ಕೆ ಎರಡು ಹಲಗೆ ಕೊಟ್ಟು ಉರುಳಿಸಿ ಹತ್ತಿಸಿ ಅಲ್ಲಿಗೆ ಹೋದೆವು. ಹತ್ತಿಸಲು ಭಾಯಿಯ ಕೈ ಬೇಕಾಗಲಿಲ್ಲ. ನಾನು ಟಯರು ಬಿಚ್ಚಿ, ಟ್ಯೂಬಿಗೆ ಪ್ಯಾಚ್ ಹಾಕಿ, ಗಾಡಿಯಲ್ಲಿದ್ದ ಕೆಸರನ್ನೆಲ್ಲ ತಂತಿಬ್ರಷ್ಷಿನಲ್ಲಿ ಉಜ್ಜಿ, ರಿಂಗು ಬಡಿದು ಕೂರಿಸಿದೆ. ಇಂಜಿನ್ ಸ್ಟಾರ್ಟಾಯಿತು. ಕೈಪಂಪಿನಲ್ಲಿ ಇಬ್ಬರ ಬೆವರಿಳಿಸುವ ಕೆಲಸ, ಎಲೆಅಡಿಕೆ ಹಾಕಿ ಸುಣ್ಣ ಹಚ್ಚುವುದರೊಳಗೆ ಮುಗಿಯಿತು. ನೋಡಲು ನಿಂತಿದ್ದ ತೋಟದವರೊಬ್ಬರು, "ಸಾಬ್ರೇ, ಇನ್ನು ನೀವು ಆಫೀಸರ್ ಆದ್ರಿ," ಎಂದರು. ಭಾಯಿ ಅದಕ್ಕೂ ನಕ್ಕರು.

ಚಿಕ್ಕದನ್ನೇ ತಂದೆವು. ಈಗಲೂ ಯಾರಾದರೂ ಕೇಳಿದರೆ, ಅವತ್ತು ನಮ್ಮ ಮುಂದೆ ಇದ್ದುದರಲ್ಲಿ ಅದೇ ಸರಿಯಾದ ಆಯ್ಕೆ ಎನ್ನುತ್ತೇನೆ. ತಪ್ಪು ಆರಿಸಿದ್ದರೆ ಅದರ ಮೇಲೆ ಸಿಟ್ಟು ಮಾಡಿಕೊಂಡಾದರೂ ಬದುಕಬಹುದಿತ್ತು.

ಮೊದಮೊದಲು ಹಬ್ಬದಂತಿತ್ತು. ಭಾಯಿಯ ಹೆಂಡತಿ, ನನಗೆ ಭಾಬಿ, ಮನೆಯಿಂದ ಶೀರಾ ಮಾಡಿ ಕಳಿಸಿದರು. ಮಂಗಳೂರಿಗೆ ಬರುವುದಿಲ್ಲ ಎಂದು ಅಣ್ಣನಿಗೆ ಹೇಳಿ ಕಳಿಸಿದ್ದೂ ಆಯಿತು. ಹೊಟ್ಟೆನೋವು ಇಳಿಯಿತು. ಮಳೆಗಾಲ ಕಳೆದ ಮೇಲೆ ಆಪರೇಷನ್ ಮಾಡಿಸುವುದೆಂದು ನಾನು ಒಪ್ಪಿಸಿದೆ.

ಆದರೆ ಸ್ವಲ್ಪ ದಿನದಲ್ಲೇ ಒಂದು ವಿಚಿತ್ರ ಶುರುವಾಯಿತು. ಭಾಯಿ ಬೆಳಿಗ್ಗೆ ಬಂದು ಹಗ್ಗ ಎಳೆದು ಇಂಜಿನ್ ಸ್ಟಾರ್ಟ್ ಮಾಡಿದರೆ ಅವರ ಕೆಲಸ ಮುಗಿಯುತ್ತಿತ್ತು. ಗಾಳಿ ಅಷ್ಟು ಬೇಗ ತುಂಬುತ್ತಿದ್ದುದರಿಂದ ರಿಂಗಿನ ಮೇಲೆ ನಿಲ್ಲುವುದೂ ತಾನಾಗಿ ಬಿಟ್ಟುಹೋಗಿತ್ತು. ಟಯರು ಬಿಚ್ಚುವುದು, ಟಾಮಿ, ಅಂದರೆ ಕಬ್ಬಿಣದ ಸಲಾಕೆ, ಹಾಕಿ ಎತ್ತುವುದು ಎಲ್ಲ ಹೊಟ್ಟೆಗೆ ಭಾರ ಬೀಳುವ ಕೆಲಸ, ಅದನ್ನು ನಾನು ಮುಟ್ಟಗೊಡುತ್ತಿರಲಿಲ್ಲ. ಒಂದು ಬೆಂಚು ತಂದು ಹಾಕಿದ್ದೆ. ಅವರು ಅದರ ಮೇಲೆ ಕೂರುವರು, ಏಳುವರು, ಒರೆಸಿದ ಟ್ಯಾಂಕನ್ನೇ ಮತ್ತೆ ಒರೆಸುವರು, ಬೋಲ್ಟುಗಳನ್ನು ಒಂದು ಡಬ್ಬದಿಂದ ಇನ್ನೊಂದು ಡಬ್ಬಕ್ಕೆ ಸುರಿಯುವರು. ಗಿರಾಕಿಗಳು "ಆಫೀಸರ್ ಸಾಬ್ರೇ" ಎಂದರೆ ಮೊದಲಿನಂತೆ ನಗುತ್ತಿರಲಿಲ್ಲ.

"ನೀನು ಬೆವರು ಸುರಿಸ್ತಿರ್ತೀಯ, ನಾನು ಬೆಂಚಿನ ಮೇಲೆ ಮದುಮಗನ ಹಾಗೆ ಕೂತಿರ್ತೀನಿ. ನೋಡಿದವ್ರು ಎಂತ ಅಂದ್ಕೊಳ್ತಾರೆ?" ಎಂದರು ಒಂದು ದಿನ.

"ಅಂದ್ಕೊಳ್ಳಿ ಬಿಡಿ ಭಾಯಿ. ಅವ್ರ ಹೊಟ್ಟೆ ಅಲ್ಲ, ನಿಮ್ಮ ಹೊಟ್ಟೆ."

"ಸುಮ್ನೆ ನಿಂತ್ಕೊಳ್ಳೋಕೆ ನಾಚ್ಕೆ ಆಗ್ತದೆ ಮಾರಾಯ."

ಮಾರನೆಯ ದಿನ ಅವರೇ ಒಂದು ಕೆಲಸ ಹುಡುಕಿಕೊಂಡರು. ಚಕ್ರ ಮಲಗಿಸಿ ಗಾಳಿ ಬಿಡುವ ಹೊತ್ತಿಗೆ ಬಂದು ರಿಂಗಿನ ಮೇಲೆ ಹತ್ತಿ ನಿಂತರು. ಹಳೇ ಪದ್ಧತಿಯೇ. "ನಿಂತ್ಕೊಳ್ಳೋಕೆ ಹೊಟ್ಟೆ ಬಲ ಎಂತಕ್ಕೆ? ಭಾರ ಇದ್ರೆ ಸಾಕು," ಎಂದರು. ಬೇಡವೆನ್ನಲು ನನಗಾಗಲಿ, ನೋಡುತ್ತಿದ್ದ ಡ್ರೈವರುಗಳಿಗಾಗಲಿ ಕಾರಣವೇ ಕಾಣಲಿಲ್ಲ. ವರ್ಷಗಟ್ಟಲೆ ಎಲ್ಲರೂ ನಿಂತ ಜಾಗ ಅದು. ಅವರ ಮುಖದಲ್ಲಿ ಮತ್ತೆ ಕಳೆ ಬಂದದ್ದು ನೋಡಿ ನನಗೆ ನಿಜಕ್ಕೂ ಸಂತೋಷವಾಯಿತು.

ಮೆಷಿನ್ ಬಂದ ಮೇಲೆ ಆ ಪದ್ಧತಿಯ ಕೆಳಗಿನ ನೆಲವೇ ಬದಲಾಗಿತ್ತು. ಕೈಪಂಪಿನಲ್ಲಿ "ತಡಿ" ಎಂದರೆ ಗಾಳಿ ನಿಲ್ಲುತ್ತಿತ್ತು, ಯಾಕೆಂದರೆ ಗಾಳಿ ಬರುತ್ತಿದ್ದುದೇ ಮನುಷ್ಯನ ತೋಳಿನಿಂದ. ಇಂಜಿನ್ನಿನ ಗದ್ದಲದಲ್ಲಿ "ತಡಿ" ಕೇಳುವುದಿಲ್ಲ. ಇಂಜಿನ್ ನಿಂತರೂ ಟ್ಯಾಂಕಿನಲ್ಲಿದ್ದ ಗಾಳಿ ನುಗ್ಗುತ್ತಲೇ ಇರುತ್ತದೆ. ಇದನ್ನೆಲ್ಲ ನಾನು ಇಷ್ಟು ಸರಾಗವಾಗಿ ಹೇಳುತ್ತಿರುವುದು ಈಗ. ಆಗ ಶೆಡ್ಡಿನಲ್ಲಿ ಗಾಡಿಯನ್ನು ಉಜ್ಜಿ, ರಿಂಗು ಬಡಿದು ಕೂರಿಸಿ ಬಿಡುತ್ತಿದ್ದುದರಿಂದ ಏನೂ ಆಗುತ್ತಿರಲಿಲ್ಲ, ಏನೂ ಆಗದ್ದರಿಂದ ಯಾರಿಗೂ ತಿಳಿಯಲಿಲ್ಲ.

ಮಳೆ ಹಿಡಿಯುವ ಮೊದಲು ಮನೆಗಳಿಗೆ ಹೆಂಚು ಹೊದೆಸುವ ಕಾಲ. ಬೇಗಾರಿನ ಒಂದು ಮನೆಗೆ ಹೆಂಚು ತಂದ ಲಾರಿ ಅಲ್ಲಿಯೇ ರಸ್ತೆ ಬದಿಯಲ್ಲಿ ಪಂಚರಾಗಿ ನಿಂತಿದೆ ಎಂದು ಬಸ್ ಕಂಡಕ್ಟರ್ ಹೇಳಿಹೋದ. ಸ್ಟೆಪ್ನಿಯೂ ಹೋಗಿತ್ತಂತೆ. ಮೆಷಿನ್ ಇರುವವರು ನಾವೇ ಎಂದು ಅಷ್ಟು ದೂರದಿಂದ ಹೇಳಿ ಕಳಿಸಿದ್ದರು. ಭಾಯಿಗೆ ಅದೇ ದೊಡ್ಡ ಮರ್ಯಾದೆ. ಬಿಳಿ ಟೋಪಿ ತಲೆಗೇರಿಸಿಕೊಂಡು, ಬಾಡಿಗೆಗೆ ಹಿಡಿದ ಜೀಪಿನಲ್ಲಿ ಮುಂದೆ ಕೂತರು. ಶೃಂಗೇರಿ ದಾಟಿ ಬೇಗಾರು ಮುಟ್ಟುವಾಗ ಮಧ್ಯಾಹ್ನ. ಹಿಂದಿನ ಸಂಜೆಯ ಮಳೆಗೆ ರಸ್ತೆ ಅಂಚೆಲ್ಲ ಕೆಂಪು ಕೆಸರು.

ಟಯರು ಬಿಚ್ಚಿದೆ. ರಿಂಗು ಹಳೆಯದು, ತುಕ್ಕು ಹಿಡಿದು ಒಂದು ಕಡೆ ಸ್ವಲ್ಪ ಸೊಟ್ಟಗಾಗಿತ್ತು. ಗಾಡಿಯ ಕೆಸರನ್ನು ಟಾಮಿಯ ತುದಿಯಲ್ಲಿ ಕೆರೆದೆ, ಆಮೇಲೆ ಬ್ರಷ್ಷು ಹಾಕಿದೆ, ಗೋಣಿಯಲ್ಲಿ ಒರೆಸಿದೆ. ರಿಂಗನ್ನು ಸುತ್ತ ಬಡಿದೆ. ಎರಡು ಸಲ ಎದ್ದಿತು, ಮೂರನೆಯ ಸಲ ಕೂತಿತು. ಭಾಯಿಯೂ ಬಗ್ಗಿ ನೋಡಿ, "ಕೂತ್ಕೊಂಡಿದೆ," ಎಂದರು. ಪೈಪನ್ನು ವಾಲ್ವಿಗೆ ಕಚ್ಚಿಸಿ ನಾನು ಮೆಷಿನ್ನಿನ ಹತ್ತಿರ ಹೋದೆ. ಅವರು ಚಪ್ಪಲಿ ಬಿಟ್ಟು, ಲುಂಗಿ ಮೇಲೆತ್ತಿ ಕಟ್ಟಿ, ಲಾರಿ ಡ್ರೈವರನ ಭುಜ ಹಿಡಿದು ರಿಂಗಿನ ಮೇಲೆ ಹತ್ತಿದರು. ಚಪ್ಪಲಿ ಬಿಡುವುದು ಅವರ ಅಭ್ಯಾಸ. ಬರಿಗಾಲಿಗೆ ರಿಂಗು ಬೇಗ ಗೊತ್ತಾಗುತ್ತದೆ ಎನ್ನುತ್ತಿದ್ದರು.

ನಾನು ಕಾಕು ತೆರೆದೆ. ಟಯರು ಉಬ್ಬುತ್ತ ಬಂತು. ಅವರು ಕೆಳಗೆ ಕಾಲು ನೋಡುತ್ತಿದ್ದವರು ಒಮ್ಮೆಲೆ ತಲೆಯೆತ್ತಿ ನನ್ನ ಕಡೆ ಕೈ ಎತ್ತಿದರು. ಬಾಯಿ ಆಡಿತು. ಶಬ್ದ ಕೇಳಲಿಲ್ಲ, ಆದರೆ ಏನೆಂದರೆಂದು ನನಗೆ ಗೊತ್ತು. ನನ್ನ ಕೈ ಕಾಕಿನ ಮೇಲೇ ಇತ್ತು. ತಿರುಗಿಸಿದೆ. ಅಷ್ಟರಲ್ಲಿ ಆಗಿಹೋಗಿತ್ತು.

ಕಂಡದ್ದನ್ನು ಬರೆಯಲಾರೆ. ಹಾರಿದ ರಿಂಗು ಹೆಂಚಿನ ಲಾರಿಯ ಮೈಗೆ ಬಡಿದು ಕೆಳಗೆ ಬಿತ್ತು. ಭಾಯಿ ರಸ್ತೆಯ ಆಚೆ ಬದಿಯ ಕೆಸರಿನಲ್ಲಿ ಬಿದ್ದಿದ್ದರು. ಡ್ರೈವರನಿಗೆ ತರಚಿದ ಗಾಯವೂ ಇರಲಿಲ್ಲ. ನಾನೂ ಅವನೂ ಭಾಯಿಯನ್ನು ಎತ್ತಿ ಜೀಪಿನಲ್ಲಿ ಮಲಗಿಸಿದೆವು, ತಲೆ ನನ್ನ ತೊಡೆಯ ಮೇಲೆ. "ಭಾಯಿ, ಭಾಯಿ" ಎನ್ನುತ್ತಲೇ ಇದ್ದೆ. ಶೃಂಗೇರಿಯ ಆಸ್ಪತ್ರೆ ಮುಟ್ಟುವ ಮೊದಲೇ ಅವರು ಹೋಗಿಬಿಟ್ಟಿದ್ದರು. ನಾನು ಮಾತ್ರ ಗೊತ್ತಾಗದವನಂತೆ ಅವರ ಕಾಲಿನ ಕೆಸರು ಒರೆಸುತ್ತ ಕೂತಿದ್ದೆನಂತೆ. ಜೀಪಿನವನು ಆಮೇಲೆ ಹೇಳಿದ.

ಮೆಷಿನ್ನನ್ನು ಬೇಗಾರಿನಿಂದ ಯಾರು ತಂದು ಶೆಡ್ಡಿನಲ್ಲಿಟ್ಟರೋ ನನಗೆ ನೆನಪಿಲ್ಲ. ಅದರ ಮೇಲೆ ಗೋಣಿ ಹಾಕಿ ಮುಚ್ಚಿದೆ. ಹೊಳೆಗೆ ತಳ್ಳಿಬಿಡೋಣ ಅನ್ನಿಸಿತು. ಮತ್ತೆ ಕೈಪಂಪು ಹಿಡಿದೆ. ಒಬ್ಬನೇ ಹೊಡೆಯುವುದು, ಒಬ್ಬನೇ ಬಡಿಯುವುದು. ಡ್ರೈವರುಗಳು ಟಯರನ್ನು ತಾವೇ ಉರುಳಿಸಿಕೊಂಡು ಹೋಗುತ್ತಿದ್ದರು. ಆದರೆ ಆಗಲೂ ಒಬ್ಬೊಬ್ಬ ಡ್ರೈವರು ಕೇಳದೆಯೇ ರಿಂಗಿನ ಮೇಲೆ ಹತ್ತಿ ನಿಲ್ಲುತ್ತಿದ್ದ. "ಇಳಿಯೋ!" ಎಂದು ನಾನು ಕೂಗುವ ರೀತಿಗೆ ಪಕ್ಕದ ಹೋಟೆಲಿನವರು ಹೊರಗೆ ಬಂದು ನೋಡುತ್ತಿದ್ದರು.

ದುಃಖದ ದಿನಗಳೆಲ್ಲ ಕಳೆದ ಮೇಲೆ ಭಾಬಿ ತಮ್ಮನ ಜೊತೆ ಶೆಡ್ಡಿಗೆ ಬಂದರು. ಮಕ್ಕಳನ್ನು ಕರೆದುಕೊಂಡು ಎನ್.ಆರ್.ಪುರಕ್ಕೆ ತವರಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ಕೊಪ್ಪ ಬಿಡಬಾರದೆಂದೇ ಇಷ್ಟೆಲ್ಲ ಮಾಡಿದ್ದ ಮನೆ ಕೊಪ್ಪ ಬಿಟ್ಟು ಹೊರಟಿತ್ತು. ಅವರು ಶೆಡ್ಡಿನ ಒಳಗೆ ಅದುವರೆಗೆ ಕಾಲಿಟ್ಟವರಲ್ಲ. "ಆ ಮೆಷಿನ್ ಯಾವ್ದು ತಮ್ಮಾ?" ಎಂದು ನನ್ನನ್ನು ಕೇಳಿದರು. ಗೋಣಿ ತೆಗೆದು ತೋರಿಸಿದೆ. ಹತ್ತಿರ ಬಂದು ನೋಡಿದರು.

"ಇದಕ್ಕೆ ಎಷ್ಟು ಜನ ಬೇಕು?"

"ಒಬ್ಬ ಸಾಕು ಭಾಬಿ."

"ಹಾಗಿದ್ರೆ ಅವ್ರು ಎಂತಕ್ಕೆ ಮೇಲೆ ಹತ್ತಿದ್ರು?"

"ಅವ್ರಿಗೆ ಸುಮ್ನೆ ನಿಲ್ಲೋಕೆ ಬರ್ತಿರ್ಲಿಲ್ಲ ಭಾಬಿ," ಎಂದೆ.

ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಳುತ್ತಾರೆಂದುಕೊಂಡೆ. ಅಳಲಿಲ್ಲ, ಮನೆಯ ಮಾತು ಆಡಿದರು. "ಮನೇಲೂ ಹಾಗೇ. ಅನ್ನ ಬೇಯೋ ತನಕ ಕೂತ್ಕೊಳ್ತಿರ್ಲಿಲ್ಲ. ಒಲೆ ಹತ್ರ ಬಂದು ಸೌದೆ ಮುಂದೆ ತಳ್ಳೋದು, ಉರಿ ಜಾಸ್ತಿ ಮಾಡಿ 'ಅಯ್ಯೋ' ಅನ್ನೋದು. ನಾನು ಒಂದು ಗಡ್ಡೆ ಬೆಳ್ಳುಳ್ಳಿ ಕೈಗೆ ಕೊಟ್ಬಿಡ್ತಿದ್ದೆ. ಬೇಕಂತ ಅಲ್ಲ. ಸುಲೀತಾ ಒಂದು ಕಡೆ ಕೂತ್ಕೊಳ್ಳೋರು." ಮೆಷಿನ್ನಿನ ಹಿಡಿಕೆಯ ಮೇಲೆ ಕೈಯಿಟ್ಟು ಹೇಳಿದರು. "ಕೈಗೆ ಎಂತಾದ್ರೂ ಕೊಟ್ಟಿದ್ರೆ ಅವ್ರು ಹತ್ತುತಿರ್ಲಿಲ್ಲ ತಮ್ಮಾ."

ಅವರು ಅದನ್ನು ಆರೋಪದಂತೆ ಹೇಳಲಿಲ್ಲ. ತಮ್ಮ ಮನೆಯಲ್ಲಿ ಕಂಡದ್ದನ್ನು ಹೇಳಿದರು. ಹೋಗುವಾಗ, "ಮಾರ್ಬೇಡ. ಅವ್ರು ಇಷ್ಟಪಟ್ಟು ತಂದಿದ್ದು," ಎಂದರು.

ಮುಂದಿನ ವಾರ ಅವರ ಸಾಮಾನನ್ನು ಎನ್.ಆರ್.ಪುರಕ್ಕೆ ಮುಟ್ಟಿಸಲು ಹೋದವನು ಅಲ್ಲಿಂದ ನೇರ ಕಂಟ್ರಾಕ್ಟರರ ಗೋಡೌನಿಗೆ ಹೋದೆ. ದೊಡ್ಡ ಮೆಷಿನ್ ಇನ್ನೂ ಅಲ್ಲಿಯೇ ಇತ್ತು. ಮೇಸ್ತ್ರಿಗೆ ಸುದ್ದಿ ಗೊತ್ತಿತ್ತು. "ಉದ್ದದ ಪೈಪು ಮಾತ್ರ ಕೊಡ್ತೀರಾ?" ಎಂದೆ. ಕೊಟ್ಟರು. ಒಂದು ಗಟ್ಟಿ ಸರಪಳಿಯನ್ನೂ ಅವರೇ ಹುಡುಕಿ ಕೊಟ್ಟರು. ದುಡ್ಡು ತೆಗೆಯಲು ಹೋದರೆ ನನ್ನ ಕೈ ಹಿಡಿದುಕೊಂಡರು.

ಆಮೇಲೆ ನಮ್ಮ ಶೆಡ್ಡಿನಲ್ಲಿ ಕೆಲಸದ ಕ್ರಮವೇ ಬೇರೆಯಾಯಿತು. ರಿಂಗು ಕೂರಿಸಿದ ಮೇಲೆ ಸರಪಳಿಯನ್ನು ಡಿಸ್ಕಿನ ತೂತಿನಲ್ಲಿ ತೂರಿಸಿ ಟಯರನ್ನೂ ಸೇರಿಸಿ ಸುತ್ತಿ ಬಿಗಿಯುವುದು. ಚಕ್ರವನ್ನು ರಿಂಗಿನ ಬದಿ ಕೆಳಗೆ ಮಾಡಿ ಮಲಗಿಸುವುದು. ಪೈಪನ್ನು ಕಚ್ಚಿಸಿ, ಮೆಷಿನ್ನನ್ನು ಪೈಪು ಎಷ್ಟು ದೂರ ಬಿಡುತ್ತದೋ ಅಷ್ಟು ದೂರಕ್ಕೆ ಎಳೆದುಕೊಂಡು ಹೋಗುವುದು. ಸ್ವಲ್ಪ ಗಾಳಿ ಬಿಟ್ಟು ಕಾಕು ಮುಚ್ಚಿ, ಇಂಜಿನ್ ತಗ್ಗಿಸಿ, ರಿಂಗಿನ ಸದ್ದು ಕೇಳುವುದು. ಆಮೇಲೆ ಉಳಿದ ಗಾಳಿ. ಅವಸರದ ಡ್ರೈವರುಗಳು ಗೊಣಗಿದರು. "ಬೇಕಾದ್ರೆ ಕಾಯಿರಿ, ಇಲ್ದಿದ್ರೆ ಬೇರೆ ಕಡೆ ಹೋಗಿ," ಎಂದೆ. ಕೆಲವರು ಹೋದರು, ಬಹಳ ಜನ ಕಾದರು.

ಕಾದವರು ಮತ್ತೆ ಮತ್ತೆ ಚಕ್ರದ ಹತ್ತಿರ ಬರುತ್ತಿದ್ದರು. ಬೈದು ದೂರ ಕಳಿಸಿದರೂ ಕಾಲು ಎಳೆಯುತ್ತಿತ್ತು. ಆಗ ಭಾಬಿಯ ಬೆಳ್ಳುಳ್ಳಿ ನೆನಪಾಯಿತು. ಊರಿನ ಲೇತಿನವನ ಹತ್ತಿರ ಹೇಳಿ ಮೆಷಿನ್ನಿನ ಕಾಕಿನ ಪಕ್ಕದಲ್ಲಿ ಇನ್ನೊಂದು ಮೋಟು ಪೈಪು ತೆಗೆಸಿ, ಅದರ ತುದಿಗೆ ಕೈಯಲ್ಲಿ ಹಿಡಿಯುವಂಥ, ಗಾಳಿಯ ಒತ್ತಡ ತೋರಿಸುವ ಒಂದು ಗೇಜು ಕೂರಿಸಿದೆ. ಗಡಿಯಾರದಷ್ಟು ದೊಡ್ಡದು, ಒಳಗೆ ಮುಳ್ಳು ಏರುವುದು ಕಾಣುತ್ತದೆ.

ಗೇಜು ಟ್ಯಾಂಕಿನ ಮೇಲೂ ಇದೆ. ಟಯರಿನ ಗಾಳಿ ಸಾಲದೋ ಹೆಚ್ಚಾಯಿತೋ ಎಂಬುದು ಇಷ್ಟು ವರ್ಷದ ಮೇಲೆ ನನಗೆ ಸುತ್ತಿಗೆಯ ಸದ್ದಿನಲ್ಲೇ ತಿಳಿಯುತ್ತದೆ. ಆ ಕೈಗೇಜನ್ನು ಒಂದು ಮೊಳೆಗೆ ನೇತುಹಾಕಿದರೂ ಯಾವ ಕೆಲಸವೂ ನಿಲ್ಲುವುದಿಲ್ಲ. ಆದರೂ ಚಕ್ರ ಮಲಗಿಸಿದ ಕೂಡಲೇ ಡ್ರೈವರನ್ನೋ ಕ್ಲೀನರನ್ನೋ ಮೆಷಿನ್ನಿನ ಹತ್ತಿರಕ್ಕೆ ಕರೆದು, ಗೇಜನ್ನು ಎರಡೂ ಕೈಗೆ ಕೊಟ್ಟು, ಪ್ರತಿ ಸಲವೂ ಒಂದೇ ಮಾತು ಹೇಳುತ್ತೇನೆ.

"ಗಟ್ಟಿ ಹಿಡ್ಕೊಂಡು ಇಲ್ಲೇ ನಿಂತಿರಿ ಮಾರಾಯ್ರೆ. ನೀವು ಹಿಡೀದಿದ್ರೆ ನನ್ಗೆ ಈ ಕೆಲಸ ಆಗೋದಿಲ್ಲ."